ಒಂದೇ ಹಾಡು, ಪ್ರತಿ ರಾತ್ರಿ ಬೇರೆ ದಾರಿ: ಜ್ಯಾಮ್ ಬ್ಯಾಂಡನ್ನು ಕೇಳುವ ಬಗೆ

[ದೃಶ್ಯ: ಬೆಳಗಾವಿಯ ಟಿಳಕವಾಡಿಯ ಮನೆಯೊಂದರ ಕೋಣೆ. ಮೂಲೆಯಲ್ಲಿ ತಂಬೂರಿ, ಮೇಜಿನ ಮೇಲೆ ಹಳೆಯ ಕ್ಯಾಸೆಟ್‌ಗಳು.]

ನಮಸ್ಕಾರ. ವೇದಿಕೆಯ ಮೇಲೆಯೇ ಹಾಡನ್ನು ಹೊಸದಾಗಿ ಬೆಳೆಸುತ್ತ ನುಡಿಸುವ ತಂಡವನ್ನು ಜ್ಯಾಮ್ ಬ್ಯಾಂಡ್ ಎನ್ನುತ್ತಾರೆ. ಅಂಥದ್ದೇ ಒಂದಾದ ಅಮೆರಿಕದ ಫಿಶ್ ಎಂಬ ಬ್ಯಾಂಡ್ 2017ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 13 ಕಾನ್ಸರ್ಟ್‌ಗಳನ್ನು ನೀಡಿ, ಒಟ್ಟು 237 ಹಾಡುಗಳಲ್ಲಿ ಒಂದನ್ನೂ ಮತ್ತೆ ನುಡಿಸದೆ ಮುಗಿಸಿತು. ಹದಿಮೂರಕ್ಕೂ ಟಿಕೆಟ್ ಕೊಂಡ ಜನರಿದ್ದರು ಎಂದರೆ ನಮ್ಮೂರಿನ ಸ್ನೇಹಿತರು ಹುಬ್ಬೇರಿಸುತ್ತಾರೆ. ಆ ದೇಶದಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ನಾನೂ ಈ ಬ್ಯಾಂಡಿನ ಹಿಂದೆ ಊರೂರು ತಿರುಗಿದವನಾದ್ದರಿಂದ, ಆ ಜನರು ಏನನ್ನು ಕೇಳಲು ಹೋಗುತ್ತಾರೆಂಬುದನ್ನು ಇಂದು ವಿವರಿಸುತ್ತೇನೆ.

[ದೃಶ್ಯ: ವೇದಿಕೆಯ ಮೇಲೆ ನಾಲ್ವರು ಕಲಾವಿದರ ರೇಖಾಚಿತ್ರ.]

ಗಿಟಾರಿನಲ್ಲಿ ಟ್ರೇ ಅನಸ್ಟಾಸಿಯೊ, ಬೇಸ್ ಗಿಟಾರಿನಲ್ಲಿ ಮೈಕ್ ಗಾರ್ಡನ್, ಡ್ರಮ್ಸ್‌ನಲ್ಲಿ ಜಾನ್ ಫಿಶ್‌ಮನ್, ಕೀಬೋರ್ಡಿನಲ್ಲಿ ಪೇಜ್ ಮೆಕನೆಲ್. ಬ್ಯಾಂಡ್ ಹುಟ್ಟಿದ್ದು 1983ರಲ್ಲಿ, ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ. ಕಾನ್ಸರ್ಟ್ ಸಾಮಾನ್ಯವಾಗಿ ಎರಡು ಭಾಗಗಳಲ್ಲಿ, ನಡುವೆ ಒಂದು ಬಿಡುವಿನೊಂದಿಗೆ ನಡೆಯುತ್ತದೆ. ಅಂದು ಯಾವ ಹಾಡು ಬರಲಿದೆ ಎಂಬುದು ಸಭೆಗೆ ಮೊದಲೇ ತಿಳಿದಿರುವುದಿಲ್ಲ.

ಹಳೆಯ ಅಭಿಮಾನಿಗೆ ಹಾಡಿನ ಸಾಹಿತ್ಯ ಬಾಯಿಪಾಠವಾಗಿರುತ್ತದೆ. ಅವನು ಕಾಯುವುದು ಸಾಹಿತ್ಯ ಮುಗಿದ ನಂತರದ ಗಳಿಗೆಗೆ. ಅಲ್ಲಿಂದ ಮುಂದೆ ಹಾಡಿನ ಸ್ವರಚೌಕಟ್ಟಿನೊಳಗೇ ವಿಸ್ತಾರ ನಡೆಯಬಹುದು, ಅಥವಾ ನಾಲ್ವರೂ ಆ ಚೌಕಟ್ಟನ್ನು ಬಿಟ್ಟು ಆಧಾರ ಸ್ವರವನ್ನೂ ತಾಳವನ್ನೂ ಬದಲಿಸಿ, ಹಿಂದೆಂದೂ ನುಡಿಸದ ಸಂಗೀತವೊಂದನ್ನು ಅಲ್ಲೇ ಕಟ್ಟಬಹುದು. ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮದೇ ಜಿಲ್ಲೆಯಲ್ಲಿದೆ. ಬಂದಿಶ್ (ಮೊದಲೇ ಕಟ್ಟಿದ ರಚನೆ) ಚಿಕ್ಕದು, ಬಡ್ಹತ್ (ಅದರ ವಿಸ್ತಾರ) ದೊಡ್ಡದು ಎಂಬುದನ್ನು ಇಲ್ಲಿನ ಕೇಳುಗರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಖ್ಯಾಲ್ ಎಂಬ ಆ ಹಿಂದುಸ್ತಾನಿ ಗಾಯನದಲ್ಲಿ ರಾಗ ಗಾಯಕನ ಕೈ ಬಿಡುವುದಿಲ್ಲ, ದಾರಿ ತೋರುವವರು ಯಾರೆಂಬುದೂ ಸ್ಪಷ್ಟ. ಫಿಶ್ ಬ್ಯಾಂಡಿನಲ್ಲಿ ರಾಗವೂ ಇಲ್ಲ, ಒಳ್ಳೆಯ ರಾತ್ರಿಗಳಲ್ಲಿ ಮುಂದಾಳೂ ಇಲ್ಲ.

ಹಾಗಿದ್ದರೂ ನಾಲ್ವರು ಒಂದೇ ಕಡೆಗೆ ಹೊರಳುವುದು ಹೇಗೆ? ಇದಕ್ಕಾಗಿ ಅವರು ವರ್ಷಗಟ್ಟಲೆ ಒಂದು ಅಭ್ಯಾಸವನ್ನು ಮಾಡಿದ್ದರು. ಒಬ್ಬನು ಸಣ್ಣ ನುಡಿಯೊಂದನ್ನು ಆರಂಭಿಸುತ್ತಾನೆ. ಉಳಿದವರು ಅದಕ್ಕೆ ತಕ್ಕಂತೆ ಜೊತೆಗೂಡುತ್ತಾರೆ. ಎಲ್ಲರೂ ಕೂಡಿಕೊಂಡರೆಂದು ಅನ್ನಿಸಿದಾಗ ಪ್ರತಿಯೊಬ್ಬನೂ 'ಹೇ' ಎನ್ನುತ್ತಾನೆ. ನಾಲ್ವರದೂ ಆದ ಮೇಲೆಯೇ ಮುಂದಿನವನು ಆ ನುಡಿಯನ್ನು ಬದಲಿಸುತ್ತಾನೆ. ಕೈಗಿಂತ ಕಿವಿಗೆ ಕೊಟ್ಟ ತಾಲೀಮು ಇದು.

[ದೃಶ್ಯ: ಸರೋವರದ ದಡದ ಬಯಲು ವೇದಿಕೆ, ಸಂಜೆ.]

2013ರ ಜುಲೈ 31ರಂದು ಟಾಹೋ ಸರೋವರದ ಬಳಿ ನುಡಿಸಿದ 'ಟ್ವೀಜರ್' ಇದಕ್ಕೆ ತಕ್ಕ ಉದಾಹರಣೆ. 1992ರ ಆಲ್ಬಮ್ಮಿನಲ್ಲಿ ಒಂಬತ್ತು ನಿಮಿಷವನ್ನೂ ಮುಟ್ಟದ ಹಾಡು ಅಂದು 36 ನಿಮಿಷಗಳನ್ನು ದಾಟಿತು. ಒಂದು ಹಂತದಲ್ಲಿ ಬ್ಯಾಂಡ್ ನುಡಿಸುವುದು, ತಟ್ಟನೆ ನಿಲ್ಲುವುದು, ಮತ್ತೆ ನುಡಿಸುವುದು ಹೀಗೆ ಆಟಕ್ಕಿಳಿದಾಗ, ಆ ಖಾಲಿ ಮಾತ್ರೆಗಳಲ್ಲಿ ಸಭೆಯೇ 'ವೂ' ಎಂದು ಕೂಗತೊಡಗಿತು. ಕಲಾವಿದರು ಆ ಕೂಗಿಗೆಂದೇ ಮತ್ತೆ ಮತ್ತೆ ಜಾಗ ಬಿಟ್ಟರು. ಸಭೆ ಅಂದು ಐದನೆಯ ವಾದ್ಯವಾಯಿತು. (ನಂತರದ ಕಾನ್ಸರ್ಟ್‌ಗಳಲ್ಲಿ ಬೇಕಿದ್ದಲ್ಲಿ ಬೇಡದಲ್ಲಿ ಅದೇ ಕೂಗನ್ನು ಹಾಕಿದವರನ್ನು ನಾನು ಇನ್ನೂ ಕ್ಷಮಿಸಿಲ್ಲ.)

ಎಲ್ಲ ರಾತ್ರಿಗಳೂ ಹೀಗಿರುವುದಿಲ್ಲ. ಜ್ಯಾಮ್, ಅಂದರೆ ಹೀಗೆ ವೇದಿಕೆಯಲ್ಲೇ ಕಟ್ಟುವ ವಿಸ್ತಾರ, ಎಲ್ಲಿಗೂ ತಲುಪದೆ ಸುತ್ತುವುದುಂಟು. ಇನ್ನೇನು ಅರಳಬೇಕು ಎನ್ನುವಾಗ ಗಿಟಾರ್ ಅವಸರದಿಂದ ಬೇರೆ ಹಾಡಿಗೆ ನೆಗೆಯುವುದೂ ಉಂಟು. ಅದನ್ನು 'ರಿಪ್‌ಕಾರ್ಡ್' ಎಂದು ಕರೆದು ಅಭಿಮಾನಿಗಳು ಮನೆ ತಲುಪುವವರೆಗೂ ಗೊಣಗುತ್ತಾರೆ. ನನ್ನ ದೃಷ್ಟಿಯಲ್ಲಿ ಟಿಕೆಟ್ಟಿನ ಹಣ ಸಲ್ಲುವುದು ಈ ಅಪಾಯಕ್ಕೇ. ಕೆಡುವ ಸಾಧ್ಯತೆಯೇ ಇಲ್ಲದ ಕಾನ್ಸರ್ಟಿಗೆ ಎರಡನೆಯ ದಿನ ಹೋಗಲು ಕಾರಣವೂ ಇರುವುದಿಲ್ಲ.

ಈ ಪರಂಪರೆಯ ಮೂಲ 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಗ್ರೇಟ್‌ಫುಲ್ ಡೆಡ್. ಅದರ ಇಬ್ಬರು ಡ್ರಮ್ ವಾದಕರಲ್ಲಿ ಒಬ್ಬರಾದ ಮಿಕಿ ಹಾರ್ಟ್ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರಿಂದ ಕಲಿತವರು, ಜಾಕಿರ್ ಹುಸೇನರ ದೀರ್ಘಕಾಲದ ಜೊತೆಗಾರರಾಗಿದ್ದವರು. ಆ ಬ್ಯಾಂಡಿನ ಹಾಡೊಂದು 11 ಮಾತ್ರೆಗಳ ಆವರ್ತನದಲ್ಲಿ ಸಾಗುತ್ತದೆ. ತಬಲಾ ಬಲ್ಲವರು ಬೆರಳೆಣಿಸಿ ನೋಡಬಹುದು. 1984ರಲ್ಲಿ ಆ ಬ್ಯಾಂಡ್ ಧ್ವನಿಮುದ್ರಿಸುವ ಅಭಿಮಾನಿಗಳಿಗೆಂದೇ ಪ್ರತ್ಯೇಕ ಜಾಗವನ್ನು ಮೀಸಲಿಟ್ಟಿತು. ಹಣ ಪಡೆಯದೆ ಕ್ಯಾಸೆಟ್ ವಿನಿಮಯ ಮಾಡಿಕೊಳ್ಳುವ ರೂಢಿ ಬೆಳೆದದ್ದರಿಂದಲೇ ಇವತ್ತು ನಾವು ಬೆಳಗಾವಿಯಲ್ಲಿ ಕುಳಿತು ಒಂದೇ ಹಾಡಿನ ಹತ್ತಾರು ರಾತ್ರಿಗಳನ್ನು ಹೋಲಿಸಿ ಕೇಳಲು ಸಾಧ್ಯವಾಗಿದೆ.

[ದೃಶ್ಯ: ಹೆಡ್‌ಫೋನ್, ಕಂಪ್ಯೂಟರ್ ಪರದೆ.]

ಹೊಸದಾಗಿ ಕೇಳುವವರು ಮೊದಲು 'ಟ್ವೀಜರ್'ನ ಆಲ್ಬಮ್ ರೂಪವನ್ನು ಎರಡು ಸಲ ಕೇಳಿ, ಆಮೇಲೆ ಟಾಹೋ ಧ್ವನಿಮುದ್ರಣಕ್ಕೆ ಬನ್ನಿ. ಗಿಟಾರನ್ನು ಹಿಂಬಾಲಿಸುವ ಆಸೆಯನ್ನು ತಡೆದು, ಬೇಸ್ ಗಿಟಾರನ್ನೇ ಕೊನೆಯವರೆಗೆ ಹಿಡಿದುಕೊಳ್ಳಿ. ಅರ್ಧ ದಾರಿಯಲ್ಲಿ ಬೇಸರವಾದರೆ ನಿಲ್ಲಿಸಿ, ಇನ್ನೊಂದು ದಿನ ಮೊದಲಿನಿಂದ ಆರಂಭಿಸಿ. ನಡುವಿನಿಂದ ಮಾತ್ರ ಕೇಳಬೇಡಿ.