ಹುಟ್ಟುಗುಣ, ಬುರುಡೆ ಮತ್ತು ಅಂಗಿಯ ಬಣ್ಣ

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ‘ವಿಕಾಸವಾದದ ಕಣ್ಣಿನಿಂದ ಮನುಷ್ಯರ ನಡವಳಿಕೆ ನೋಡುವವರು’ ಎಂದರು. ಹಾಗೆ ಅನ್ನಿಸಿಕೊಂಡವರಿಗೆ ಎರಡೂ ಕಡೆ ಕಷ್ಟ. ಸಮಾಜವಿಜ್ಞಾನದ ಗೆಳೆಯರು ‘ನಡವಳಿಕೆಗೂ ಜೀನಿಗೂ ಗಂಟು ಹಾಕಬೇಡಿ ಮಾರಾಯ್ರೆ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಲ್ಲ’ ಅನ್ನುತ್ತಾರೆ. ಇನ್ನು ಕೆಲವರು ಭಾಷಣ ಮುಗಿದ ಮೇಲೆ ಬಂದು ಕೈಕುಲುಕಿ, ‘ಒಟ್ಟಿನಲ್ಲಿ ನೀವು ಹೇಳೋದೂ ಹುಟ್ಟುಗುಣ ಸುಟ್ಟರೂ ಹೋಗದು ಅಂತ ತಾನೆ ಸಾರ್?’ ಅನ್ನುತ್ತಾರೆ. ಮೊದಲಿನವರ ಭಯ ನನಗೆ ಅರ್ಥವಾಗುತ್ತದೆ. ಎರಡನೆಯವರ ಖುಷಿ ಕಂಡರೆ ದಿಗಿಲಾಗುತ್ತದೆ. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಮಯ ಸಾಲುವುದಿಲ್ಲ. ನಮ್ಮ ಸಾಮಾಜಿಕ ನಡವಳಿಕೆಗೆ ವಿಕಾಸದ ಬೇರು ಇದೆ. ಅದಕ್ಕೇ ಜನಾಂಗಕ್ಕೊಂದು ಸ್ವಭಾವ ಅನ್ನುವ ಮಾತು ನಿಲ್ಲುವುದಿಲ್ಲ. ‘ಆದರೂ’ ಅನ್ನಲಿಲ್ಲ, ‘ಅದಕ್ಕೇ’ ಅಂದೆ.

ಈ ಕಾಯಿಲೆ ಹಳೆಯದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1735ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೆ’ ಪುಸ್ತಕದಲ್ಲಿ ಮನುಷ್ಯರನ್ನು ಖಂಡ ಮತ್ತು ಬಣ್ಣ ನೋಡಿ ನಾಲ್ಕು ಪಾಲು ಮಾಡಿದ. ಅದರ 1758ರ ಹತ್ತನೆಯ ಆವೃತ್ತಿಗೆ ಬರುವಷ್ಟರಲ್ಲಿ ಅದಕ್ಕೆ ಗುಣನಡತೆಯೂ ಸೇರಿಕೊಂಡಿತ್ತು. ಅಮೆರಿಕದವರನ್ನು ಆಳುವುದು ರೂಢಿ, ಯುರೋಪಿನವರನ್ನು ಕಟ್ಟುಕಟ್ಟಳೆ, ಏಷ್ಯಾದವರನ್ನು ಅಭಿಪ್ರಾಯ, ಆಫ್ರಿಕಾದವರನ್ನು ಮನಸ್ಸಿಗೆ ಬಂದದ್ದು! ಹೂವಿನ ಕೇಸರ ಎಣಿಸಿ ಗಿಡಗಳನ್ನು ವಿಂಗಡಿಸಿದ ಮಹಾಶಯ ಆಫ್ರಿಕಾದವರ ಮನಸ್ಸಿನಲ್ಲಿ ಏನನ್ನು ಎಣಿಸಿದನೋ. ಆ ಖಂಡಕ್ಕೆ ಅವನು ಕಾಲಿಟ್ಟವನೇ ಅಲ್ಲ.

ಆಮೇಲೆ ಬಂದವರು ಬುರುಡೆ ಅಳೆದರು. ಅಳೆದು ಅಳೆದು ಬುರುಡೆ ಬಿಟ್ಟರು. ನಗಬಹುದು, ಆದರೆ ಇಲ್ಲಿ ನನಗೆ ಪ್ರಿಯವಾದ ಕಥೆಯೊಂದಿದೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

‘ಯುಗಾಂತ’ ಬರೆದ ಇರಾವತಿ ಕರ್ವೆಯವರನ್ನು ಈ ಸಭೆಗೆ ಪರಿಚಯಿಸಬೇಕಿಲ್ಲ. ದ್ರೌಪದಿ, ಕುಂತಿಯರನ್ನು ಮನುಷ್ಯರಾಗಿ ನೋಡಲು ಕಲಿಸಿದ ಈ ಹೆಣ್ಣುಮಗಳು ಅದಕ್ಕೂ ಬಹಳ ಮೊದಲು, 1920ರ ದಶಕದ ಕೊನೆಯಲ್ಲಿ, ಬರ್ಲಿನ್ನಿನಲ್ಲಿ ಬುರುಡೆಗಳ ಮುಂದೆ ಕೂತಿದ್ದರು. 1927ರಲ್ಲಿ ಶುರುವಾದ ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆ ಅದು. ನಿರ್ದೇಶಕ ಆಯ್ಗೆನ್ ಫಿಷರ್. ನೈಋತ್ಯ ಆಫ್ರಿಕಾದ ಜರ್ಮನ್ ವಸಾಹತಿನಲ್ಲಿ ಮಿಶ್ರ ಸಂತಾನದವರನ್ನು ಅಳೆದು ಹೆಸರು ಮಾಡಿದ್ದವನು, ಮುಂದೆ ನಾಜಿ ಆಡಳಿತದಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ರೆಕ್ಟರ್ ಆದವನು. ಕರ್ವೆಯವರ ಸಂಶೋಧನೆಗೆ ಇವನೇ ಗುರು. ಗುರುವಿನ ನಂಬಿಕೆ ಏನು? ಬಿಳಿಯರ ಬುರುಡೆಯ ಎಡಬಲಗಳು ಸಮನಾಗಿರುವುದಿಲ್ಲ, ಒಂದು ಬದಿ ಹೆಚ್ಚು ಉಬ್ಬಿರುತ್ತದೆ, ಅವರ ಹೆಚ್ಚಿನ ಬುದ್ಧಿಗೆ ಅದೇ ಗುರುತು. ಶಿಷ್ಯೆ ಅದನ್ನು ಅಳೆದು ತೋರಿಸಬೇಕು.

ಕರ್ವೆ 149 ಬುರುಡೆಗಳನ್ನು ಕೈಗೆತ್ತಿಕೊಂಡರು. ಒಂದೊಂದರ ಎಡವನ್ನೂ ಬಲವನ್ನೂ ಅಳೆದರು. ಸಿಕ್ಕಿದ್ದೇನು? ಓರೆಕೋರೆ ಎಲ್ಲರಲ್ಲೂ ಇದೆ, ಅದಕ್ಕೂ ಜನಾಂಗಕ್ಕೂ ಸಂಬಂಧ ಇಲ್ಲ. ಹಾಗಂತಲೇ ಬರೆದರು. ಯೋಚಿಸಿ ನೋಡಿ: ಪರದೇಶ, ಪರಭಾಷೆ, ಪದವಿ ಕೊಡಬೇಕಾದವನು ಎದುರಿಗೇ ಕೂತಿದ್ದಾನೆ, ಅವನ ಅಚ್ಚುಮೆಚ್ಚಿನ ಸಿದ್ಧಾಂತವೇ ಸುಳ್ಳು ಅನ್ನುವ ಪ್ರಬಂಧ! ಅಂಕ ಕಡಿಮೆ ಬಿತ್ತು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಬೀಳದೆ ಇರುತ್ತದೆಯೇ? ಇಲ್ಲಿ ಕೂತಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಹೆಚ್ಚು ಹೇಳಬೇಕಿಲ್ಲ, ಮಾರ್ಗದರ್ಶಕರೂ ಇಲ್ಲೇ ಇದ್ದಾರೆ. ಹಿಂತಿರುಗಿದ ಮೇಲೆ ಕರ್ವೆ ತಾವೇ ನಮ್ಮ ಸಮುದಾಯಗಳ ತಲೆ, ಮೂಗು ಅಳೆಯುವುದನ್ನು ಮುಂದುವರಿಸಿದರು, ಅದೂ ನಿಜ. ಬ್ರಿಟಿಷ್ ಅಧಿಕಾರಿ ರಿಸ್ಲಿ ಮೂಗಿನ ಅಳತೆಯಿಂದ ಜಾತಿಯ ಮೇಲುಕೀಳು ಲೆಕ್ಕ ಹಾಕಿದ ದೇಶ ಇದು. ಆ ಅಳತೆಪಟ್ಟಿ ಬೇಗ ಕೈಬಿಡುವುದಿಲ್ಲ.

ಈ ಕಥೆಯಲ್ಲಿ ನಾನು ಹಿಡಿದುಕೊಂಡಿರುವುದು ಅವರ ಧೈರ್ಯಕ್ಕಿಂತ ಒಂದು ಕ್ರಮವನ್ನು. ಅವರು ಹರವು ನೋಡಿದರು, ಅಂದರೆ ಒಂದೊಂದು ಗುಂಪಿನ ಒಳಗೇ ಅಳತೆಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಅನ್ನುವುದನ್ನು. ಯಾರಾದರೂ ‘ಆ ಜನ ಹೀಗೆ, ಈ ಜನ ಹಾಗೆ’ ಅಂದರೆ ಸರಾಸರಿ ಕೇಳಬೇಡಿ, ಹರವು ಕೇಳಿ. ಹೈಡಲ್‌ಬರ್ಗ್‌ನ ಟೀಡೆಮನ್ 1836ರಲ್ಲಿ ಬುರುಡೆಗಳಿಗೆ ಸಿರಿಧಾನ್ಯ ತುಂಬಿ ಅಳೆದ. ಫಿಲಡೆಲ್ಫಿಯಾದ ಮಾರ್ಟನ್ ಮೊದಲು ಕಾಳು, ಆಮೇಲೆ ಸೀಸದ ಗುಂಡು ತುಂಬಿ ಅಳೆದ. ಅಂಕಿಗಳು ಹೆಚ್ಚುಕಡಿಮೆ ಒಂದೇ ತರಹ. ಟೀಡೆಮನ್ ಕನಿಷ್ಠ-ಗರಿಷ್ಠ ನೋಡಿ ‘ಎಲ್ಲ ಒಂದರ ಮೇಲೊಂದು ಹಾಸಿಕೊಂಡಿವೆ, ಭೇದವಿಲ್ಲ, ಗುಲಾಮಗಿರಿಗೆ ಆಧಾರವಿಲ್ಲ’ ಅಂದ. ಮಾರ್ಟನ್ ಸರಾಸರಿ ತೆಗೆದು ಜನಾಂಗಗಳ ಮೇಲುಕೀಳಿನ ಏಣಿ ಕಟ್ಟಿದ. ಮಾರ್ಟನ್ ಅಳತೆ ತಪ್ಪಿದ್ದನೇ ಅನ್ನುವ ಬಗ್ಗೆ ಸ್ಟೀಫನ್ ಜೇ ಗೌಲ್ಡ್ ಕಾಲದಿಂದ ಜಗಳ ನಡೆದಿದೆ. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ಅಳತೆ ಸರಿ ಇದ್ದರೂ ಏಣಿ ಸುಳ್ಳೇ.

1972ರಲ್ಲಿ ತಳಿವಿಜ್ಞಾನಿ ಲೆವಾಂಟಿನ್ ಇದನ್ನೇ ಜೀನುಗಳಲ್ಲಿ ಮಾಡಿದರು. ರಕ್ತದ ಗುಂಪು, ಪ್ರೋಟೀನು, ಹೀಗೆ 17 ಜೀನು. ಮನುಷ್ಯರ ಒಟ್ಟು ವೈವಿಧ್ಯದಲ್ಲಿ ಸುಮಾರು 85 ಶೇಕಡ ಒಂದೊಂದು ಸಮುದಾಯದ ಒಳಗೇ ಇದೆ. ಜನಾಂಗ-ಜನಾಂಗಗಳ ನಡುವೆ ಸಿಕ್ಕಿದ್ದು ಸುಮಾರು 6. ಮತ್ತೆ ಹರವು!

ಈಗ ಸಾಮಾಜಿಕ ನಡವಳಿಕೆಗೆ ಬರೋಣ, ಬರಬೇಕಾಗಿದ್ದೇ ಇಲ್ಲಿಗೆ. ಜೀವವಿಜ್ಞಾನಿ ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ಬಂಧುಆಯ್ಕೆಯ ಸೂತ್ರ ನಿಮಗೆ ಗೊತ್ತು: ನಂಟು ಹತ್ತಿರವಾದಷ್ಟೂ, ಅಂದರೆ ಹಂಚಿಕೊಂಡ ಜೀನು ಹೆಚ್ಚಿದಷ್ಟೂ, ಬಂಧುವಿಗಾಗಿ ನಷ್ಟ ತಾಳುವ ಗುಣ ವಿಕಾಸದಲ್ಲಿ ಉಳಿಯುವುದು ಸುಲಭ. ಇದನ್ನು ಹಿಡಿದುಕೊಂಡು ‘ನಮ್ಮವರ ಮೇಲೆ ಪ್ರೀತಿ ಪ್ರಕೃತಿ ನಿಯಮ, ಆದ್ದರಿಂದ ಜನಾಂಗದ್ವೇಷವೂ ಸಹಜ’ ಅನ್ನುವವರಿದ್ದಾರೆ. ಲೆಕ್ಕ ಮಾಡಿ. ಒಡಹುಟ್ಟಿದವರಲ್ಲಿ ನಂಟು ಅರ್ಧ. ಚಿಕ್ಕಪ್ಪನ ಮಗ ಎಂಟರಲ್ಲಿ ಒಂದು. ಅಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಮೂವತ್ತೆರಡರಲ್ಲಿ ಒಂದು. ನಾಲ್ಕು ಮನೆ ದಾಟುವಷ್ಟರಲ್ಲಿ ಸೂತ್ರದ ಕಸುವು ಮುಗಿಯಿತು, ಕೋಟಿಗಟ್ಟಲೆ ಅಪರಿಚಿತರವರೆಗೆ ಅದನ್ನು ಎಳೆಯುವುದು ಹೇಗೆ? ಹ್ಯಾಮಿಲ್ಟನ್ ತಾವೇ 1975ರ ಲೇಖನದಲ್ಲಿ ಆ ಕಡೆ ಒಂದೆರಡು ಹೆಜ್ಜೆ ಇಟ್ಟಿದ್ದರು. ದೊಡ್ಡವರು ಇಟ್ಟರೂ ಅದು ಅಡ್ಡ ಹೆಜ್ಜೆಯೇ.

ಹಾಗಾದರೆ ವಿಕಾಸ ನಮಗೆ ಕೊಟ್ಟದ್ದೇನು? 2001ರಲ್ಲಿ ಮನಸ್ಸಿನ ವಿಕಾಸದ ಸಂಶೋಧಕರಾದ ಕರ್ಜ್‌ಬನ್, ಟೂಬಿ, ಕಾಸ್ಮಿಡೀಸ್ ಮಾಡಿದ ಪ್ರಯೋಗ ನೋಡಿ. ಎರಡು ತಂಡಗಳ ಆಟಗಾರರು ಮಾತಿಗೆ ಮಾತು ಬೆಳೆಸುತ್ತಿದ್ದಾರೆ. ತಂಡ ಎರಡರಲ್ಲೂ ಕಪ್ಪು, ಬಿಳಿ ಬೆರಕೆ. ನೋಡುವವರಿಗೆ ಒಬ್ಬೊಬ್ಬರ ಫೋಟೋ, ಜೊತೆಗೆ ಅವರಾಡಿದ ಮಾತು. ಆಮೇಲೆ ಮುನ್ಸೂಚನೆಯಿಲ್ಲದೆ ಪರೀಕ್ಷೆ: ಈ ಮಾತು ಆಡಿದ್ದು ಯಾರು? ಉತ್ತರಕ್ಕಿಂತ ತಪ್ಪುಗಳೇ ಇಲ್ಲಿ ಮುಖ್ಯ, ಯಾಕೆಂದರೆ ಮನಸ್ಸು ಯಾರನ್ನು ಒಂದೇ ಗೂಡಿಗೆ ಹಾಕಿದೆಯೋ ಅವರನ್ನೇ ಅದಲುಬದಲು ಮಾಡುತ್ತದೆ. ಎಲ್ಲರ ಅಂಗಿ ಒಂದೇ ಬಣ್ಣದ್ದಾಗಿದ್ದಾಗ ಕಪ್ಪು ಆಟಗಾರನ ಮಾತನ್ನು ಇನ್ನೊಬ್ಬ ಕಪ್ಪು ಆಟಗಾರನ ತಲೆಗೆ ಕಟ್ಟಿದರು, ಬಿಳಿಯನದನ್ನು ಬಿಳಿಯನ ತಲೆಗೆ. ತಂಡಕ್ಕೊಂದು ಬಣ್ಣದ ಅಂಗಿ ತೊಡಿಸಿದ ಕೂಡಲೇ ತಪ್ಪುಗಳ ದಾರಿ ಬದಲಾಯಿತು. ಅಂಗಿಯ ಪ್ರಕಾರ ಗೊಂದಲ ಏರಿತು, ಚರ್ಮದ ಪ್ರಕಾರ ಗೊಂದಲ ಇಳಿಯಿತು. ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಅವರ ವಾದ ಇದು: ಕಾಲ್ನಡಿಗೆಯ ನಮ್ಮ ಪೂರ್ವಿಕರು ದೂರದ ಖಂಡದ ಮುಖವನ್ನು ಕಂಡವರೇ ಅಲ್ಲ, ಹಾಗಾಗಿ ಜನಾಂಗ ಗುರುತಿಸುವ ಯಂತ್ರ ವಿಕಾಸವಾಗಲು ಕಾರಣವೇ ಇರಲಿಲ್ಲ. ಯಾರು ಯಾರ ಜೊತೆ ಅನ್ನುವುದನ್ನು ಲೆಕ್ಕ ಇಡುವ ಮನಸ್ಸು ವಿಕಾಸವಾಯಿತು, ಅದು ಕೈಗೆ ಸಿಕ್ಕ ಗುರುತನ್ನು ಬಳಸುತ್ತದೆ. ನನ್ನ ‘ಅದಕ್ಕೇ’ ಇದೇ.

ಅಧ್ಯಕ್ಷರ ಚೀಟಿ ಬಂತು. ಐದು ನಿಮಿಷವಂತೆ. ಜನಾಂಗಗಳಿಗೆ ಮೇಲುಕೀಳು ಹಚ್ಚಿದ ಮನೋವಿಜ್ಞಾನಿ ರಶ್ಟನ್ ವಿಷಯ ಚುಟುಕಾಗಿ: ಮ್ಯಾಕಾರ್ಥರ್ ಮತ್ತು ವಿಲ್ಸನ್ 1967ರಲ್ಲಿ ಕೊಟ್ಟ r-K ಕಲ್ಪನೆಯನ್ನು (ಹೆಚ್ಚು ಮರಿ ಹೆತ್ತು ಕಡಿಮೆ ಸಾಕುವ ಜೀವಿಗಳು ಒಂದು ಬಗೆ, ಕಡಿಮೆ ಹೆತ್ತು ಹೆಚ್ಚು ಸಾಕುವವು ಇನ್ನೊಂದು ಬಗೆ ಅನ್ನುವುದು) ಆತ ಮನುಷ್ಯ ಜನಾಂಗಗಳಿಗೆ ಅಂಟಿಸಿದ. ವಿಕಾಸ ಜೀವವಿಜ್ಞಾನಿ ಜೋಸೆಫ್ ಗ್ರೇವ್ಸ್ ಅದನ್ನು ಜೀವವಿಜ್ಞಾನದ ಒಳಗಿನಿಂದಲೇ ಬಿಚ್ಚಿ ತೋರಿಸಿದರು. ಬೇಸರದ ಸಂಗತಿ ಅಂದರೆ, ಇರುವೆಗಳ ಆ ಮಹಾಪಂಡಿತ ವಿಲ್ಸನ್ ರಶ್ಟನ್‌ಗೆ ಬೆನ್ನು ತಟ್ಟಿದ ಪತ್ರಗಳು ಅವರು ತೀರಿಕೊಂಡ ಮೇಲೆ ಬಯಲಾದವು.

ಚರ್ಮದ ಬಣ್ಣದ ಸ್ಲೈಡು ಹಾರಿಸುತ್ತೇನೆ, ಕುಡಗೋಲು ಕಣ ರೋಗ ಮತ್ತು ಮಲೇರಿಯಾದ್ದೂ. ಪ್ರಶ್ನೆಗಳಿದ್ದರೆ... ಹೌದು, ಹಿಂದಿನ ಸಾಲಿನವರು ಹೇಳಿ. ಲೆವಾಂಟಿನ್ ಲೆಕ್ಕಕ್ಕೆ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ 2003ರಲ್ಲಿ ಎತ್ತಿದ ಆಕ್ಷೇಪ ತಾನೆ? ಜೀನುಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ನೋಡಿದರೆ ಒಬ್ಬನ ಮೂಲ ಹೇಳಬಹುದು ಅಂತ. ಹೇಳಬಹುದು, ಒಪ್ಪಿದೆ. ಆದರೆ 2008ರಲ್ಲಿ ಯುರೋಪಿನವರ ಜೀನುಗಳನ್ನು ಹಾಗೆ ಒಟ್ಟಿಗೆ ನೋಡಿದಾಗ ಅನೇಕರ ಮೂಲ ಕೆಲವು ನೂರು ಕಿಲೋಮೀಟರ್ ಅಂತರದೊಳಗೆ ಸಿಕ್ಕಿತು. ಹಾಗಿದ್ದರೆ ಗೂಡು ನಾಲ್ಕೇ ಯಾಕೆ, ನಾನೂರು ಯಾಕಲ್ಲ? ಮುಂದಿನ ಪ್ರಶ್ನೆ ಯಾರದು?