200 ಸ್ಪೀಡಲ್ಲಿ ಹೋಗೋ ಬೋಟು ಫೋಟೋದಲ್ಲಿ ನಿಂತಂಗೆ ಯಾಕೆ ಕಾಣುತ್ತೆ?

ನಮಸ್ಕಾರ ಎಲ್ರಿಗೂ. ಮೊದ್ಲು ಈ ಫೋಟೋ ನೋಡಿ.

(ಫೋಟೋ 1, ಫುಲ್ ಸ್ಕ್ರೀನ್)

ನಾನೇ ತೆಗ್ದಿದ್ದು, ಶಟರ್ ತೆರೆದಿದ್ದು ಸೆಕೆಂಡಿನ 1/4000 ಭಾಗ ಅಷ್ಟೇ, ಬೋಟಿನ ನಂಬರ್ರು, ಡ್ರೈವರ್ ಹೆಲ್ಮೆಟ್ಟು ಎಲ್ಲಾ ಸಖತ್ ಶಾರ್ಪು, ಆದ್ರೆ ಯಾರೋ ನೀರ ಮೇಲೆ ಪಾರ್ಕ್ ಮಾಡಿ ಟೀ ಕುಡಿಯೋಕೆ ಹೋದಂಗಿದೆ ಅಲ್ವಾ?

ಸ್ವಲ್ಪ ಲೆಕ್ಕ ಹಾಕೋಣ. ಫಾರ್ಮುಲಾ 1 ಪವರ್‌ಬೋಟ್ ನೇರ ದಾರೀಲಿ ಗಂಟೆಗೆ 200 ಕಿಮೀ ದಾಟುತ್ತೆ, ಬರೀ 200 ಅಂತ ಇಟ್ಕೊಂಡ್ರೂ ಸೆಕೆಂಡಿಗೆ 55 ಮೀಟರ್. 1/2000ರಲ್ಲಿ ಅದು ಸರಿಯೋದು ಮೂರು ಸೆಂಟಿಮೀಟರೂ ಇಲ್ಲ, ಅದಕ್ಕೇ ನಿಂತಂಗೆ ಕಾಣೋದು, 1/125ರಲ್ಲಾದ್ರೆ 44 ಸೆಂಟಿಮೀಟರ್. ಸೆಕೆಂಡಿಗೆ 10 ಫ್ರೇಮ್ ಹೊಡೆದ್ರೂ ಒಂದು ಫ್ರೇಮಿಂದ ಇನ್ನೊಂದಕ್ಕೆ ಬೋಟು ಹೆಚ್ಚುಕಮ್ಮಿ ತನ್ನ ಉದ್ದದಷ್ಟು ಮುಂದೆ ಹೋಗಿರುತ್ತೆ, ಹಂಗಾಗಿ ಬರ್ಸ್ಟ್ ಒತ್ತಿ ಹಿಡ್ಕೊಂಡ್ರೆ ಯಾವ್ದೋ ಒಂದು ಸಿಗುತ್ತೆ ಬಿಡು ಅನ್ಕೋಬೇಡಿ.

ಬೋಟು ನಿಮ್ಮ ಮುಂದೆ ಅಡ್ಡ ಹಾದುಹೋಗ್ತಿದ್ರೆ ಪ್ಯಾನಿಂಗೇ ಮಾಡ್ಬೇಕು, ಅಂದ್ರೆ ಬೋಟಿನ ಜೊತೆಗೇ ಕ್ಯಾಮೆರಾ ತಿರುಗಿಸ್ತಾ ಕ್ಲಿಕ್ ಮಾಡೋದು, ಆಗ ಬೋಟು ಶಾರ್ಪಾಗಿದ್ದು ಹಿನ್ನೆಲೆ ಮಾತ್ರ ಮಸುಕಾಗುತ್ತೆ. 1/250ರಿಂದ ಶುರು ಮಾಡಿ, ಕೈ ಕುದುರಿದ ಮೇಲೆ 1/125. ಫೋಕಸ್ ಕಾಕ್‌ಪಿಟ್ ಮೇಲೆ, ಸೊಂಟದಿಂದ ತಿರುಗಿ, ಕ್ಲಿಕ್ ಆದ್ಮೇಲೂ ತಿರುಗ್ತಾನೇ ಇರಿ. ಕಾರ್ ರೇಸಿಗಿಂತ ಇದು ಕಷ್ಟ ಯಾಕಂದ್ರೆ ಬೋಟು ಅಲೆ ಮೇಲೆ ಕುಪ್ಪಳಿಸ್ತಾ ಹೋಗುತ್ತೆ, ಐವತ್ತಕ್ಕೆ ಎರಡು ಸಿಕ್ರೂ ನಂಗೆ ಅವತ್ತು ಹಬ್ಬ.

(ಕ್ಲಿಪ್: ತಿರುವು)

ತಿರುವಲ್ಲಿ ಮಾತ್ರ 1/2000 ಇಡಿ, ಬೋಟು ನಿಮ್ ಕಡೆಗೇ ಬರ್ತಿರುತ್ತೆ, ಹಿಂದೆ ಗೋಡೆ ತರ ಏಳೋ ನೀರೇ ಸ್ಪೀಡು ಹೇಳುತ್ತೆ. ಆದಷ್ಟು ಕೆಳಗೆ ಕೂತ್ಕೊಳಿ. ಈ ಬೋಟಿನ ತಳದಲ್ಲಿ ಸುರಂಗದ ತರ ಜಾಗ ಇದೆ, ಅಲ್ಲಿ ನುಗ್ಗೋ ಗಾಳಿನೇ ಬೋಟನ್ನ ಎತ್ತೋದು, ಗಾಳಿ ಅತಿಯಾದ್ರೆ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿಬಿಡುತ್ತೆ. ನೇರ ದಾರೀಲಿ ನೀರಿನ ಮಟ್ಟದಿಂದ ನೋಡಿದ್ರೆ ತಳಕ್ಕೂ ನೀರಿಗೂ ಮಧ್ಯೆ ಬೆಳಕಿನ ತೆಳ್ಳನೆ ಗೀಟು ಕಾಣುತ್ತೆ ನೋಡಿ, ನಂಗೆ ಬೇಕಿರೋ ಫೋಟೋ ಅದು. ಮೇಲಿಂದ ತೆಗೆದ್ರೆ ಅದು ಕಾಣೋದೇ ಇಲ್ಲ.

ಬಿಳಿ ನೊರೆ ನೋಡಿ ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಮೋಸ ಹೋಗಿ ಫೋಟೋನ ಕಪ್ಪು ಮಾಡುತ್ತೆ, ಎಕ್ಸ್‌ಪೋಷರ್ +0.7 ಇಡಿ. ಟ್ರ್ಯಾಕಿಂಗ್ ಸೆನ್ಸಿಟಿವಿಟಿ (ಅಡ್ಡ ಬಂದಿದ್ದರ ಕಡೆಗೆ ಫೋಕಸ್ ಎಷ್ಟು ಬೇಗ ಹಾರ್ಬೇಕು ಅನ್ನೋ ಸೆಟ್ಟಿಂಗು) ಕಮ್ಮಿ ಮಾಡಿ, ಇಲ್ಲಾಂದ್ರೆ ಫೋಕಸ್ ಹನಿಗಳ ಹಿಂದೆ ಓಡುತ್ತೆ.

ಆಮೇಲೆ ಸಮುದ್ರದ ನೀರು ಲೆನ್ಸಿಗೆ ಹಾರಿ ಒಣಗಿದ್ರೆ ಟೀಶರ್ಟಲ್ಲಿ ಒರೆಸ್ಬೇಡಿ, ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೊದ್ಲು ಉಪ್ಪು ಕರಗಿಸಿ ತೆಗೀರಿ. ನನ್ನ ಫಿಲ್ಟರ್ ಮೇಲಿರೋ ಈ ಗೀರು ಕಾಣ್ತಿದ್ಯಾ, ಕ್ಯಾಮೆರಾ ಹತ್ರ ತರ್ತೀನಿ ಇರಿ... ಹಾಂ, ಅದೇ, ಟೀಶರ್ಟಿಂದು.