ಕ್ರಾಕೋವ್‌ನಲ್ಲಿ ಒಂದು ಡಬ್ಬಿ ಮಲಿದಾ

ಇದು ಪೋಲೆಂಡಿನ ಕ್ರಾಕೋವ್. ಈ ಬೀದಿಯ ಹೆಸರು ಮಿಯೊದೋವಾ. ಪೋಲಿಷ್‌ನಲ್ಲಿ ಜೇನಿನ ಬೀದಿ ಅಂತ ಅರ್ಥ.

ಇಲ್ಲಿನ ಯಹೂದಿ ಸಮುದಾಯ ಕೇಂದ್ರ ಶುರುವಾಗಿದ್ದು 2008ರಲ್ಲಿ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾದಾಗ, ಗಡಿ ದಾಟಿ ಬಂದವರ ಕೈಹಿಡಿಯಿತು. ಬಂದವರಲ್ಲಿ ಯಹೂದಿಗಳಲ್ಲದವರೇ ಜಾಸ್ತಿ. ಕ್ಲಾಸ್ ಇಲ್ಲದ ದಿನ ನಾನೂ ಅಲ್ಲಿಗೆ ಹೋಗುತ್ತೇನೆ. ಚೀಲಕ್ಕೆ ಪಾಸ್ತಾ, ಎಣ್ಣೆ, ಸೋಪು ತುಂಬುವ ಕೆಲಸ. ಮಗುವಿಗೆ ಯಾವ ಸೈಜಿನ ಡೈಪರ್ ಬೇಕು ಅಂತ ಬೆರಳು ತೋರಿಸಿಯೇ ಕೇಳುತ್ತೇನೆ. ನನಗೆ ಭಾಷೆ ಬರುವುದಿಲ್ಲ, ಆದರೂ ಕೆಲಸ ನಡೆಯುತ್ತದೆ.

ಉಕ್ರೇನಿನ ಖಾರ್ಕಿವ್‌ನ ಒಬ್ಬ ಅಜ್ಜಿ ಹಳೆಯ ಚೀಲವನ್ನು ನೀಟಾಗಿ ಮಡಚಿ ವಾಪಸ್ ತರುತ್ತಾರೆ. ಒಂದು ದಿನ ಅದರೊಳಗೆ ನಾಲ್ಕು ಅಕ್ರೋಟು ಇದ್ದವು. ನಮ್ಮ ಕಡೆ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಅಲ್ವಾ? ಸುಮ್ನೆ ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ನಾನು ಬೆಂಗಳೂರಿನವಳು, ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದವಳು. ನಮ್ಮ ಹಿರಿಯರು ಕೊಂಕಣದಲ್ಲಿ ಗಾಣ ಇಟ್ಟು ಎಣ್ಣೆ ತೆಗೆಯುತ್ತಿದ್ದರು. ಶನಿವಾರ ನಮಗೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ; ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಬೆಂಗಳೂರಿನಲ್ಲಿ ನಮಗೆ ಮೈಸೂರು ರಸ್ತೆಯಲ್ಲಿ ಸ್ಮಶಾನ ಇದೆ, ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಇಲ್ಲ. ನಮ್ಮ ಪದ್ಧತಿಯಲ್ಲಿ ಕೆಲವು ಪ್ರಾರ್ಥನೆಗಳಿಗೆ ಹತ್ತು ಗಂಡಸರು ಸೇರಬೇಕು. ಆ ಹತ್ತು ಜನರಿಗಾಗಿ ಅಪ್ಪ ಎಷ್ಟು ಫೋನ್ ಮಾಡುತ್ತಿದ್ದರು!

ಎರಡನೇ ಮಹಾಯುದ್ಧಕ್ಕೆ ಮುಂಚೆ ಕ್ರಾಕೋವ್‌ನಲ್ಲಿ 60,000ದಷ್ಟು ಯಹೂದಿಗಳಿದ್ದರು. ನಾಜಿಗಳು ಅವರಲ್ಲಿ ಬಹುಪಾಲು ಜನರನ್ನು ಕೊಂದರು. ಉಳಿದವರಲ್ಲಿ ಎಷ್ಟೋ ಜನ ಹೆದರಿ ಮಕ್ಕಳಿಗೂ ವಿಷಯ ಹೇಳಲಿಲ್ಲ. ನನ್ನ ಪಕ್ಕ ನಿಂತು ಪಾಸ್ತಾ ತುಂಬುವ ಹುಡುಗಿಗೆ ತನ್ನ ಅಜ್ಜಿ ಯಹೂದಿ ಎಂದು ಗೊತ್ತಾಗಿದ್ದೇ ಹತ್ತೊಂಬತ್ತನೇ ವಯಸ್ಸಿನಲ್ಲಿ. ಈಗ ಹೀಬ್ರೂ ಅಕ್ಷರ ಕಲಿಯುತ್ತಿದ್ದಾಳೆ.

'ನೀನು ನಿಜವಾಗಲೂ ಯಹೂದಿನಾ?' ಎಂದು ನನ್ನ ಬಣ್ಣ ನೋಡಿ ಕೇಳಿದವರು ಬಹಳ ಜನ. ಪ್ರತಿ ಸಲವೂ ನೋವಾಗುತ್ತದೆ. ಅವಳನ್ನು ಯಾರೂ ಹಾಗೆ ಕೇಳುವುದಿಲ್ಲ. ಆದರೆ ರಾತ್ರಿ ಮಲಗುವಾಗ ತನ್ನನ್ನು ತಾನೇ ಕೇಳಿಕೊಳ್ಳುತ್ತಾಳಂತೆ. ಅದನ್ನು ಹೇಳಿದ ದಿನ ಇಬ್ಬರೂ ಟ್ರಾಮ್ ಬಿಟ್ಟು ನಡೆದುಕೊಂಡೇ ಹೋದೆವು.

ಹೋದ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮಲಿದಾ ಮಾಡಿಟ್ಟೆ. ನೆನೆಸಿದ ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಮೇಲೆ ಹಣ್ಣು. ಪ್ರವಾದಿ ಎಲಿಯಾಹುವನ್ನು ನೆನೆದು ನಮ್ಮಲ್ಲಿ ಮಾಡುವ ತಿಂಡಿ ಇದು. ಅವಲಕ್ಕಿ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. ತೆಂಗಿನಕಾಯಿ ಒಡೆಯಲು ಹಾಸ್ಟೆಲ್‌ನಲ್ಲಿ ಸುತ್ತಿಗೆ ಹುಡುಕಬೇಕಾಯಿತು.

ಶನಿವಾರ ಸಂಜೆಯ ವಿಡಿಯೋ ಇಲ್ಲ. ಶಬ್ಬಾತ್ ಮುಗಿಯುವ ತನಕ ಕ್ಯಾಮೆರಾ ಮುಟ್ಟಲಿಲ್ಲ. ನಕ್ಷತ್ರ ಕಂಡ ಮೇಲೆ ಕೇಂದ್ರದಲ್ಲಿ ಶಬ್ಬಾತ್‌ಗೆ ವಿದಾಯ ಹೇಳಲು ಹೆಣೆದ ಮೇಣದಬತ್ತಿ ಹಚ್ಚಿದರು. ಲವಂಗದ ಡಬ್ಬಿಯನ್ನು ಒಬ್ಬೊಬ್ಬರೇ ಮೂಸಿ ಪಕ್ಕದವರಿಗೆ ದಾಟಿಸಿದರು. ಆಮೇಲೆ ಹಾಡು ಶುರುವಾಯಿತು. ಎಲಿಯಾಹು ಹನಾವಿ! ಹೀಬ್ರೂನಲ್ಲಿ ಪ್ರವಾದಿ ಎಲಿಯಾಹು ಅಂತ ಅರ್ಥ.

ರಾಗ ಬೇರೆ. ಆದರೆ ನಮ್ಮಜ್ಜಿ ಮಲಿದಾ ತಟ್ಟೆಯ ಮುಂದೆ ಕೂತು ಕರೆಯುತ್ತಿದ್ದದ್ದೂ ಇದೇ ಹೆಸರನ್ನು. ಗಂಟಲು ಕಟ್ಟಿತು. 'ನಿಮ್ಮ ರಾಗದಲ್ಲಿ ಹಾಡು' ಎಂದರು. ಅರ್ಧಕ್ಕೆ ನಿಂತು ನಿಂತು ಹಾಡಿದೆ.

ಆ ಹುಡುಗಿ ನನ್ನ ಡಬ್ಬಿ ತೊಳೆದು ತಂದಳು. ಒಳಗೆ ಎರಡು ಸೇಬು. 'ಮುಂದಿನ ಸಲ ತೆಂಗಿನಕಾಯಿ ನಾನು ಒಡೆಯುತ್ತೇನೆ' ಎಂದಳು.